ಹೊಸ ರೂಟರ್ ತಂದ ಮೇಲೆ ನೆಟ್ ಇನ್ನೂ ಜಾಸ್ತಿ ಹೋಗತೊಡಗಿತು: ಒಂದು ಮನೆಯ ಪ್ರಕರಣ

ಇದು ನನ್ನ ಗೆಳೆಯನೊಬ್ಬನ ಮನೆಯಲ್ಲಿ ನಡೆದದ್ದು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ನೆಟ್ ಕೊಡುವ ಕಂಪನಿ, ರೂಟರ್‌ನ ಮಾಡೆಲ್ ಯಾವುದನ್ನೂ ಹೇಳುವುದಿಲ್ಲ. ಮನೆಯವರ ಬಗ್ಗೆ ಒಂದೆರಡು ವಿವರ ಬದಲಿಸಿದ್ದೇನೆ. ಏನು ಕೆಟ್ಟಿತ್ತು, ಅದು ಯಾವ ಕ್ರಮದಲ್ಲಿ ಸಿಕ್ಕಿತು, ನಾನು ಎಲ್ಲಿ ಎಡವಿದೆ ಅನ್ನುವುದು ಮಾತ್ರ ನಡೆದ ಹಾಗೇ ಇದೆ.

ರೂಟರ್ ಪದೇ ಪದೇ ಕಟ್ ಆಗುತ್ತಿದೆ ಎಂದು ಯಾರನ್ನು ಕೇಳಿದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಆಫ್ ಮಾಡಿ ಆನ್ ಮಾಡಿ, ವೈಫೈ ಓಡುವ ಚಾನೆಲ್ ಬದಲಿಸಿ, ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಆಗಲಿಲ್ಲ ಅಂದ್ರೆ ರೂಟರನ್ನೇ ಬದಲಿಸಿ. ಈ ಮನೆಯಲ್ಲಿ ನಾಲ್ಕೂ ಆಗಿತ್ತು. ಅದರಲ್ಲಿ ಎರಡು ತೊಂದರೆಯನ್ನು ಜಾಸ್ತಿ ಮಾಡಿದ್ದವು, ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು ಅನ್ನಿಸಿತು.

ಮನೆಯಲ್ಲಿ ಏನೇನಿತ್ತು

ಎರಡು ಮಹಡಿಯ ಮನೆ. ಗೆಳೆಯ, ಅವನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಅವನ ಅಪ್ಪ. ಕೆಳಗಿನ ಹಾಲ್‌ನ ಗೋಡೆಗೆ ಫೈಬರ್ ಬಂದು ಓಎನ್‌ಟಿ ಪೆಟ್ಟಿಗೆಗೆ (ಫೈಬರ್‌ನ ಬೆಳಕನ್ನು ಸಾಮಾನ್ಯ ನೆಟ್‌ವರ್ಕ್ ಸಿಗ್ನಲ್ ಮಾಡುವ ಪೆಟ್ಟಿಗೆ) ಸೇರುತ್ತದೆ. ಅಲ್ಲಿಂದ ಒಂದು ಗಿಡ್ಡ ವೈರ್ ಟಿವಿ ಸ್ಟ್ಯಾಂಡಿನಲ್ಲಿರುವ ರೂಟರ್‌ಗೆ. ರೂಟರ್ ಹಿಂದೆ ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರು, ಸಿನಿಮಾಗಳೆಲ್ಲ ಅದರಲ್ಲಿ, ಟಿವಿ ಅದರಿಂದಲೇ ಓದಿಕೊಳ್ಳುತ್ತದೆ. ಗೆಳೆಯನ ಡೆಸ್ಕ್‌ಟಾಪ್ ರೂಟರ್‌ಗೆ ವೈರಿನಲ್ಲೇ ಸೇರಿದೆ. ಯಾವುದೋ ಕಾಲದಲ್ಲಿ ಪ್ರಿಂಟರ್ ಸಲುವಾಗಿ ಅದಕ್ಕೆ ಐಪಿ ಅಡ್ರೆಸ್ಸನ್ನು (ನೆಟ್‌ವರ್ಕಿನಲ್ಲಿ ಆ ಸಾಧನದ ವಿಳಾಸ) ಕೈಯಾರೆ ಹಾಕಿ ಬಿಟ್ಟಿದ್ದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೇಲಿನ ಮಹಡಿಗೆ ವೈಫೈ ಸರಿಯಾಗಿ ಮುಟ್ಟುವುದಿಲ್ಲ ಎಂದು ಎರಡು ವರ್ಷದ ಹಿಂದೆ ಯಾರೋ ತಂತ್ರಜ್ಞರು ಅಲ್ಲೊಂದು ಹಳೆ ರೂಟರ್ ಇಟ್ಟು, ಕೆಳಗಿನಿಂದ ಕೇಬಲ್ ಎಳೆದು ಹೋಗಿದ್ದರು. ಅದು ಪುಸ್ತಕದ ಕಪಾಟಿನ ಹಿಂದೆ ಇತ್ತು. ನನಗೆ ಮೊದಲ ದಿನ ಯಾರೂ ಅದರ ಬಗ್ಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ತೊಂದರೆ ಮತ್ತು ಅಲ್ಲಿವರೆಗಿನ ಪ್ರಯತ್ನಗಳು

ಗೆಳೆಯ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಮೂರು ತಿಂಗಳಿಂದ ನೆಟ್ ಹೋಗ್ತಾನೇ ಇದೆ ಮಾರಾಯ. ಹೊಸ ರೂಟರ್ ತಂದೆ, ಇನ್ನೂ ಕೆಟ್ಟುಹೋಯ್ತು."

ಕಂಪನಿಯವರು ಮೂರು ಸಲ ಬಂದಿದ್ದರಂತೆ. ಒಂದು ಸಲ ಫೈಬರ್‌ನ ತುದಿಯ ಕನೆಕ್ಟರ್ ಬದಲಿಸಿದರು. ಮೂರೂ ಸಲ ಓಎನ್‌ಟಿಯ ಲೈಟ್ ಹಸಿರು, ಸಿಗ್ನಲ್ ಸರಿಯಾಗಿದೆ, ನಿಮ್ಮ ರೂಟರ್ ನೋಡಿಕೊಳ್ಳಿ ಎಂದು ಹೇಳಿ ಹೋದರು. ಇವನಿಗೆ ಸಿಟ್ಟು. ಆಮೇಲೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿದ. ಡಿಎನ್‌ಎಸ್ ಅನ್ನು, ಅಂದರೆ ವೆಬ್‌ಸೈಟಿನ ಹೆಸರಿನಿಂದ ಅದರ ಅಡ್ರೆಸ್ ಹುಡುಕಿಕೊಡುವ ಸರ್ವರನ್ನು, ಗೂಗಲ್‌ನ 8.8.8.8 ಎಂದು ಬದಲಿಸಿದ. ಕೊನೆಗೆ, ನಾನು ಹೋಗುವ ಒಂದು ತಿಂಗಳ ಮುಂಚೆ, ರೂಟರನ್ನೇ ಬದಲಿಸಿದ. ತೊಂದರೆ ಕಡಿಮೆ ಆಗಲಿಲ್ಲ, ದಿನಕ್ಕೆ ಒಂದೆರಡು ಸಲ ಇದ್ದದ್ದು ಮೂರು ನಾಲ್ಕಾಯಿತು. ರೂಟರ್ ಬದಲಿಸಿದರೂ ಹೋಗುತ್ತಿದೆ ಅಂದ ಮೇಲೆ ತಪ್ಪು ಕಂಪನಿಯ ಲೈನಿನದ್ದೇ ಎಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ. ಆ ಹೊತ್ತಿಗೆ ಅದು ಸರಿಯಾದ ತರ್ಕದ ಹಾಗೇ ಕಾಣುತ್ತಿತ್ತು. ನಾನೂ ತಲೆಯಾಡಿಸಿದೆ.

ಇನ್ನೊಂದು ಕೆಲಸ ಮಾಡಿದ್ದ. ಆಫ್ ಆನ್ ಮಾಡಿದರೆ ಸರಿಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತಲ್ಲ, ಅದಕ್ಕೆ ರೂಟರ್‌ನ ಪ್ಲಗ್‌ಗೆ ಒಂದು ಟೈಮರ್ ಹಾಕಿ, ದಿನಾ ರಾತ್ರಿ 3 ಗಂಟೆಗೆ ತಾನೇ ಆಫ್ ಆಗಿ ಆನ್ ಆಗುವ ಹಾಗೆ ಮಾಡಿಟ್ಟಿದ್ದ. ಜಾಣತನದ ಕೆಲಸ ಎಂದು ನಾನೇ ಹೊಗಳಿದೆ.

ನಾನು ಮಾಡಿದ ಮೊದಲ ತಪ್ಪು

ಹೋದ ತಕ್ಷಣ ಫೋನಿನಲ್ಲಿ ವೈಫೈ ಅಳೆಯುವ ಆಪ್ ತೆರೆದೆ. 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಮನೆಗಳ ಸಿಗ್ನಲ್‌ಗಳು ಚಾನೆಲ್ 6ರ ಮೇಲೆ ಒಂದರ ಮೇಲೊಂದು ಕೂತಿದ್ದವು. ಇವರ ರೂಟರ್ ಕೂಡ ಅಲ್ಲೇ. ಈ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6, 11 ಮೂರೇ. 11 ಖಾಲಿ ಇತ್ತು. ಅದಕ್ಕೆ ಬದಲಿಸಿ, ಚಾನೆಲ್‌ನ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿದೆ. ಎಲ್ಲರ ಫೋನೂ ಚೆನ್ನಾಗಿ ಓಡಿತು. ಅರ್ಧ ಗಂಟೆ ಕೂತು, ಗೆದ್ದೆ ಎಂದುಕೊಂಡು ಎದ್ದೆ.

ಮರುದಿನ ಬೆಳಿಗ್ಗೆ ಫೋನ್ ಬಂತು.

ಚಾನೆಲ್ ಬದಲಿಸಿದ್ದು ತಪ್ಪಲ್ಲ, ಅದರಿಂದ ವೇಗ ಸ್ವಲ್ಪ ಹೆಚ್ಚಿದ್ದೂ ನಿಜ. ಆದರೆ ಗದ್ದಲ ಜಾಸ್ತಿ ಇದ್ದರೆ ವೈಫೈ ನಿಧಾನವಾಗುತ್ತದೆ, ವಿಡಿಯೋ ತಡವರಿಸುತ್ತದೆ. ದಿನಕ್ಕೆ ನಾಲ್ಕು ಸಲ ಪೂರ್ತಿ ಸತ್ತು ಮತ್ತೆ ಎದ್ದು ಕೂರುವುದು ಬೇರೆ ಜಾತಿಯ ಲಕ್ಷಣ. ನಾನು ಲಕ್ಷಣ ಕೇಳುವ ಮೊದಲೇ ಔಷಧಿ ಕೊಟ್ಟಿದ್ದೆ. ಕೈಯಲ್ಲಿ ಆಪ್ ಇತ್ತು, ಅದರಲ್ಲೊಂದು ತಪ್ಪು ಕಾಣಿಸಿತು, ಅದೇ ಕಾರಣ ಎಂದುಕೊಂಡೆ. ಈ ತಪ್ಪು ನಾನು ಮೊದಲೂ ಮಾಡಿದ್ದೇನೆ, ಬಹುಶಃ ಮತ್ತೆಯೂ ಮಾಡುತ್ತೇನೆ.

ನೋಟ್‌ಬುಕ್

ಎರಡನೇ ಸಲ ಹೋದಾಗ ಏನನ್ನೂ ಮುಟ್ಟಬಾರದು ಎಂದು ಮೊದಲೇ ನಿಶ್ಚಯ ಮಾಡಿದ್ದೆ. ಸುಮ್ನೆ ಕೂತು ಒಬ್ಬೊಬ್ಬರನ್ನೇ ಕೇಳಿದೆ, ನೆಟ್ ಹೋಯ್ತು ಅಂದರೆ ನಿಮಗೆ ಏನು ಕಾಣುತ್ತದೆ?

ಗೆಳೆಯ ಹೇಳಿದ್ದು: ಡೆಸ್ಕ್‌ಟಾಪ್‌ನಲ್ಲಿ ಎರಡು ನಿಮಿಷ ಎಲ್ಲ ನಿಂತುಹೋಗುತ್ತದೆ, ಆಮೇಲೆ ತಾನಾಗೇ ಬರುತ್ತದೆ. ಜಾಸ್ತಿ ಸಂಜೆ ಹೊತ್ತು.

ಅವನ ಹೆಂಡತಿ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರು. ಅವರ ಪ್ರಕಾರ ಎರಡು ನಿಮಿಷವೆಲ್ಲ ಸುಳ್ಳು, ಒಂದು ಸಲ ಹೋದರೆ ತಾನಾಗಿ ಬರುವುದೇ ಇಲ್ಲ. ಕೆಳಗೆ ಬಂದು ವೈಫೈ ಆಫ್ ಮಾಡಿ ಆನ್ ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತದೆ.

ಗೆಳೆಯನ ಅಪ್ಪ: "ನನಗೆ ವೈಫೈ ಚಿಹ್ನೆ ಪೂರ್ತಿ ಇರತ್ತಪ್ಪ, ಮೇಲೊಂದು ಆಶ್ಚರ್ಯಸೂಚಕ ಇರತ್ತೆ. ಗಂಟೆಗಟ್ಟಲೆ ಹಾಗೇ ಇರತ್ತೆ."

ಮಗಳು: "ನಂಗೇನೂ ತೊಂದ್ರೆ ಇಲ್ಲ ಅಂಕಲ್."

ನಾಲ್ಕು ಜನ, ನಾಲ್ಕು ಉತ್ತರ. ಮೂರು ತಿಂಗಳಿಂದ ಎಲ್ಲರೂ "ನೆಟ್ ಹೋಯ್ತು" ಅನ್ನುವ ಎರಡೇ ಪದ ಬಳಸಿದ್ದರಿಂದ ಇದು ಒಂದೇ ತೊಂದರೆ ಎಂದು ಮನೆಯವರೂ ನಂಬಿದ್ದರು, ಕಂಪನಿಯವರೂ ನಂಬಿದ್ದರು. ಅಂದಹಾಗೆ ಮಗಳಿಗೆ ತೊಂದರೆ ಇಲ್ಲದ್ದಕ್ಕೆ ಕಾರಣ ಸರಳ. ಅವಳ ಫೋನಿನಲ್ಲಿ ಮೊಬೈಲ್ ಡೇಟಾ ಯಾವಾಗಲೂ ಆನ್. ವೈಫೈನಲ್ಲಿ ಇಂಟರ್ನೆಟ್ ಇಲ್ಲ ಎಂದು ಗೊತ್ತಾದ ತಕ್ಷಣ ಫೋನ್ ಸದ್ದಿಲ್ಲದೆ ಡೇಟಾಕ್ಕೆ ಜಾರಿಕೊಳ್ಳುತ್ತಿತ್ತು. ಅಜ್ಜ ಡೇಟಾ ಆಫ್ ಇಟ್ಟಿರುತ್ತಾರೆ, ಅವರಿಗೆ ಎಲ್ಲ ಗೊತ್ತಾಗುತ್ತಿತ್ತು.

ಒಂದು ನೋಟ್‌ಬುಕ್ ಇಟ್ಟೆ. ಮೂರು ಅಂಕಣ: ಎಷ್ಟು ಗಂಟೆಗೆ, ಯಾರ ಯಾವ ಸಾಧನದಲ್ಲಿ, ಆಗ ರೂಟರ್‌ನ ಲೈಟ್‌ಗಳು ಹೇಗಿದ್ದವು. ಬರೆಯದೆ ಯಾರೂ ರೂಟರ್ ಆಫ್ ಮಾಡುವ ಹಾಗಿಲ್ಲ. ನಾಲ್ಕು ದಿನ ಏನನ್ನೂ ಬದಲಿಸುವ ಹಾಗಿಲ್ಲ, ಟೈಮರ್ ಕೂಡ ಇದ್ದ ಹಾಗೇ ಇರಲಿ. ಬರೆಯುವ ಜವಾಬ್ದಾರಿಯನ್ನು ಅಜ್ಜ ತೆಗೆದುಕೊಂಡರು, ಬಹಳ ಶಿಸ್ತಿನಿಂದ.

ಡೆಸ್ಕ್‌ಟಾಪ್‌ನಲ್ಲಿ ಎರಡು ಪಿಂಗ್ (ಒಂದು ಅಡ್ರೆಸ್‌ಗೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ಮತ್ತೆ ಮತ್ತೆ ನೋಡುವುದು) ಓಡಿಸಿಟ್ಟೆ, ಸಮಯದ ಜೊತೆ ಫೈಲಿಗೆ ಬರೆದುಕೊಳ್ಳುವ ಹಾಗೆ. ಒಂದು 192.168.1.1ಕ್ಕೆ, ಅಂದರೆ ಮನೆಯ ರೂಟರ್‌ಗೆ. ಇನ್ನೊಂದು 8.8.8.8ಕ್ಕೆ, ಅಂದರೆ ಹೊರಗಿನ ಲೋಕಕ್ಕೆ. ಇದು ಬಹಳ ಸಣ್ಣ ಉಪಾಯ, ಆದರೆ ಅರ್ಧ ಜಗಳ ಇದರಲ್ಲೇ ಮುಗಿಯುತ್ತದೆ. ಮೊದಲನೆಯದು ಓಡುತ್ತಿದ್ದು ಎರಡನೆಯದು ಮಾತ್ರ ನಿಂತರೆ ತೊಂದರೆ ರೂಟರ್‌ನಿಂದ ಆಚೆ, ಲೈನಿನ ಕಡೆಗಿದೆ. ಎರಡೂ ಒಟ್ಟಿಗೆ ನಿಂತರೆ ಮನೆಯೊಳಗೇ ಏನೋ ಆಗಿದೆ, ಕಂಪನಿಯವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ನಾಲ್ಕು ದಿನಕ್ಕೆ 17 ಸಾಲು ತುಂಬಿತ್ತು. ಡೆಸ್ಕ್‌ಟಾಪಿನದ್ದು 6. ಆರಕ್ಕೆ ಆರೂ ಸಲ ಎರಡೂ ಪಿಂಗ್ ಒಟ್ಟಿಗೇ ನಿಂತು, ಸುಮಾರು ಎರಡು ನಿಮಿಷದ ಮೇಲೆ ಒಟ್ಟಿಗೇ ಬಂದಿದ್ದವು. ಐದು ಸಲ ಸಂಜೆ 7ರಿಂದ ರಾತ್ರಿ 10ರ ಒಳಗೆ. ಉಳಿದ 11 ಫೋನ್ ಮತ್ತು ಲ್ಯಾಪ್‌ಟಾಪಿನವು. ಅದರಲ್ಲಿ 9 ಸಲ, ಅಜ್ಜ ಬರೆದ ಹೊತ್ತಿಗೆ ಡೆಸ್ಕ್‌ಟಾಪಿನ ಎರಡೂ ಪಿಂಗ್ ಚೆನ್ನಾಗಿ ಓಡುತ್ತಿದ್ದವು! ನೆಟ್ ಇತ್ತು, ರೂಟರ್ ಇತ್ತು, ಅಜ್ಜನ ಫೋನಿಗೆ ಮಾತ್ರ ಇರಲಿಲ್ಲ.

ಪ್ರಕರಣ ತಿರುಗಿದ್ದು ಇಲ್ಲೇ. ಒಂದು ಕಾಯಿಲೆ ಹುಡುಕುತ್ತಿದ್ದವರು ಎರಡು ಹುಡುಕಬೇಕಾಯಿತು. ಹೊರಗಿನ ಪಿಂಗ್ ಒಂದೇ ನಿಂತ ಸಾಲು ಒಂದೂ ಇರಲಿಲ್ಲ, ಹಾಗಾಗಿ ಕಂಪನಿಯ ಲೈನ್ ಆವತ್ತಿಗೆ ನಿರಪರಾಧಿ.

ಮೊದಲ ಕಾಯಿಲೆ: 1970ರ ಜನವರಿ 1

ಸುಲಭವಾಗಿ ಕಾಣುವ ಡೆಸ್ಕ್‌ಟಾಪಿನ ತೊಂದರೆಯನ್ನು ಮೊದಲು ಹಿಡಿದೆ. ರಾತ್ರಿ 10:50ಕ್ಕೆ ರೂಟರ್‌ನ ಪುಟಕ್ಕೆ ಹೋಗಿ ಲಾಗ್, ಅಂದರೆ ಏನೇನಾಯಿತು ಎಂದು ರೂಟರ್ ಬರೆದಿಡುವ ಪಟ್ಟಿ, ತೆರೆದೆ. ಮೊದಲ ಹತ್ತಾರು ಸಾಲುಗಳಲ್ಲಿ ತಾರೀಖು 1970ರ ಜನವರಿ 1 ಎಂದಿತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಇವತ್ತಿನ ತಾರೀಖು, ರಾತ್ರಿ 8 ಗಂಟೆ 10 ನಿಮಿಷ. ಅದಕ್ಕಿಂತ ಹಿಂದಿನದು ಏನೂ ಇಲ್ಲ.

ಗೆಳೆಯ ಇದನ್ನು ಮೊದಲೂ ನೋಡಿದ್ದನಂತೆ. ರೂಟರ್‌ನ ಗಡಿಯಾರ ಕೆಟ್ಟಿದೆ ಎಂದು ಬಿಟ್ಟಿದ್ದ. ಕೆಟ್ಟಿರಲಿಲ್ಲ. ಸಾಮಾನ್ಯವಾಗಿ ಮನೆಯ ರೂಟರ್‌ಗಳಲ್ಲಿ ಪವರ್ ಹೋದಾಗ ಸಮಯ ಉಳಿಸಿಕೊಳ್ಳುವ ಬ್ಯಾಟರಿ ಇರುವುದಿಲ್ಲ. ಹೊಸದಾಗಿ ಎದ್ದಾಗ ಅದಕ್ಕೆ ಇವತ್ತು ಯಾವ ದಿನ ಎಂದೇ ಗೊತ್ತಿರುವುದಿಲ್ಲ. ಯುನಿಕ್ಸ್ ವ್ಯವಸ್ಥೆಗಳು ಕಾಲವನ್ನು ಎಣಿಸಲು ಶುರುಮಾಡುವುದು 1970ರ ಜನವರಿ 1ರಿಂದ, ಹಾಗಾಗಿ ಅದನ್ನೇ ಬರೆಯುತ್ತದೆ. ಇಂಟರ್ನೆಟ್ ಸಿಕ್ಕಿದ ಮೇಲೆ ಸರಿಯಾದ ಸಮಯ ಕೇಳಿಕೊಂಡು ತಿದ್ದಿಕೊಳ್ಳುತ್ತದೆ. ಅಂದರೆ 1970 ಎಂದು ಕಂಡರೆ, ರೂಟರ್ ಅಲ್ಲಿ ಹೊಸದಾಗಿ ಎದ್ದಿದೆ ಎಂದರ್ಥ. ಈ ರೂಟರ್ ಲಾಗನ್ನು ಇಡುವುದೂ ಪವರ್ ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ. ಹಿಂದಿನ ಸಾಲುಗಳು ಇಲ್ಲದಿದ್ದುದೇ ಒಂದು ಸಾಕ್ಷಿ.

ಸ್ಟೇಟಸ್ ಪುಟದಲ್ಲಿ ರೂಟರ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂದು ತೋರಿಸುತ್ತದೆ. 2 ಗಂಟೆ 40 ನಿಮಿಷ ಎಂದಿತ್ತು. ಟೈಮರ್ 3 ಗಂಟೆಗೆ ಆಫ್ ಮಾಡಿದ್ದು ಲೆಕ್ಕ ಹಿಡಿದರೆ 19 ಗಂಟೆ 50 ನಿಮಿಷ ಇರಬೇಕಿತ್ತು. ಸಂಜೆಯಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಪಿಂಗ್ ಫೈಲ್ ನೋಡಿದರೆ, 8:08ಕ್ಕೆ ಎರಡೂ ನಿಂತಿವೆ, 8:10ಕ್ಕೆ ಬಂದಿವೆ. ರೂಟರ್ ತಾನೇ ಬಿದ್ದು ತಾನೇ ಏಳುತ್ತಿತ್ತು.

ಹೊಸ ರೂಟರ್ ಯಾಕೆ ಬೀಳಬೇಕು? ಮುಟ್ಟಿ ನೋಡಿದೆ, ತುಂಬಾ ಬಿಸಿ ಇಲ್ಲ. ಬೋರಲು ಹಾಕಿ ಚೀಟಿ ಓದಿದೆ: 12 ವೋಲ್ಟ್, 2 ಆಂಪ್. ಟಿವಿ ಸ್ಟ್ಯಾಂಡಿನ ಹಿಂದೆ ಕೈ ತೂರಿಸಿ ಅಡಾಪ್ಟರ್ ಹೊರಗೆ ಎಳೆದೆ: 12 ವೋಲ್ಟ್, 1 ಆಂಪ್.

"ಇದು ಹೊಸ ರೂಟರ್ ಜೊತೆ ಬಂದದ್ದಾ?"

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಹಳೆ ರೂಟರ್‌ನ ಅಡಾಪ್ಟರ್ ಅದು. ಅದರ ವೈರನ್ನು ಸ್ಟ್ಯಾಂಡಿನ ಹಿಂದೆ ನೀಟಾಗಿ ಕ್ಲಿಪ್ ಹೊಡೆದು ಕೂರಿಸಿದ್ದರು. ಹೊಸ ರೂಟರ್‌ಗೆ ಅದೇ ಪಿನ್ ಸರಿಯಾಗಿ ಕೂತಿತು, ಲೈಟೂ ಬಂತು, ಮತ್ತೆ ಯಾಕೆ ಎಲ್ಲ ಕೀಳಬೇಕು ಎಂದು ಬಿಟ್ಟಿದ್ದ. ಹೊಸ ಅಡಾಪ್ಟರ್ ಡಬ್ಬಿಯಲ್ಲೇ, ಪ್ಲಾಸ್ಟಿಕ್ ಕವರಿನ ಸಮೇತ ಇತ್ತು.

ಮಲ್ಟಿಮೀಟರ್ ಹಿಡಿದು, "12.2 ಬರ್ತಿದೆಯಲ್ಲ, ಸರಿಯಾಗೇ ಇದೆ" ಎಂದು ವಾದ ಮಾಡಿದ. ಅದು ರೂಟರ್‌ನಿಂದ ಕಳಚಿಟ್ಟು ಅಳೆದದ್ದು, ಮೇಲೆ ಹೊರೆಯೇ ಇಲ್ಲ. ಭಾರ ಹೊರಿಸದೆ ಎತ್ತಿನ ಶಕ್ತಿ ನೋಡಿದ ಹಾಗೆ. 1 ಆಂಪ್ ಅಡಾಪ್ಟರ್ ಕೊಡುವುದು ಹೆಚ್ಚೆಂದರೆ 12 ವ್ಯಾಟ್, ಹೊಸ ರೂಟರ್ 24ರವರೆಗೆ ಕೇಳಬಹುದು ಎಂದು ಚೀಟಿಯೇ ಹೇಳುತ್ತಿದೆ. ಸುಮ್ಮನೆ ಕೂತಾಗ ಅಷ್ಟು ಬೇಕಾಗುವುದಿಲ್ಲ. ಸಂಜೆ ಎಲ್ಲರೂ ಮನೆಯಲ್ಲಿರುತ್ತಾರೆ, ಎರಡೂ ಬ್ಯಾಂಡಿನ ರೇಡಿಯೋ ಬಿಡುವಿಲ್ಲದೆ ಕೆಲಸ ಮಾಡುತ್ತವೆ, ಜೊತೆಗೆ ಟಿವಿಯಲ್ಲಿ ಸಿನಿಮಾ. ಸಿನಿಮಾ ಇರುವುದು ರೂಟರ್‌ಗೆ ಸಿಕ್ಕಿಸಿದ ಹಾರ್ಡ್ ಡಿಸ್ಕಿನಲ್ಲಿ, ಅದಕ್ಕೂ ಪವರ್ ರೂಟರ್‌ನಿಂದಲೇ ಹೋಗಬೇಕು. ಯುಎಸ್‌ಬಿ 3.0 ಪೋರ್ಟ್ ಒಂದೇ 5 ವೋಲ್ಟ್‌ನಲ್ಲಿ 900 ಮಿಲಿಆಂಪ್, ಅಂದರೆ 4.5 ವ್ಯಾಟ್‌ವರೆಗೆ ಕೊಡಬೇಕಾಗುತ್ತದೆ. ಅಡಾಪ್ಟರ್ ಸೋತು ವೋಲ್ಟೇಜ್ ಕ್ಷಣಮಾತ್ರ ಕುಸಿಯುತ್ತಿತ್ತು, ರೂಟರ್ ಮೂರ್ಛೆ ಹೋಗುತ್ತಿತ್ತು. 7ರಿಂದ 10ರ ಹೊತ್ತು ಸಿನಿಮಾದ ಹೊತ್ತು.

ಡಬ್ಬಿಯಲ್ಲಿದ್ದ ಅಡಾಪ್ಟರ್ ಹಾಕಿದೆವು. ಅಷ್ಟೇ, ಇನ್ನೇನನ್ನೂ ಮುಟ್ಟಲಿಲ್ಲ. (ನಿಮ್ಮ ಮನೆಯಲ್ಲಿ ಬೇರೆ ಅಡಾಪ್ಟರ್ ಹಾಕುವುದಾದರೆ ವೋಲ್ಟ್ ಅಷ್ಟೇ ಇರಬೇಕು, ಪಿನ್ನಿನ ಪ್ಲಸ್ ಮೈನಸ್ ಹೊಂದಬೇಕು, ಆಂಪ್ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೂ ಪರವಾಗಿಲ್ಲ.)

ಇಲ್ಲಿಗೆ ನಿಲ್ಲಿಸಿಬಿಡುವ ಆಸೆ

ಮೂರು ದಿನ ಡೆಸ್ಕ್‌ಟಾಪಿನ ಕಡೆಯಿಂದ ಒಂದು ಸಾಲೂ ಇಲ್ಲ. ಫೋನಿನ ದೂರುಗಳೂ ದಿನಕ್ಕೆ ಒಂದಕ್ಕೆ ಇಳಿದವು. ಗೆಳೆಯನಿಗೆ ಖುಷಿ, "ಆಯ್ತು ಬಿಡು, ಸರಿಹೋಯ್ತು" ಎಂದ. ನನಗೂ ಹಾಗೇ ಅನ್ನಿಸಿತು ಎಂದು ಒಪ್ಪಿಕೊಳ್ಳಬೇಕು. ಉಳಿದದ್ದು ಅಜ್ಜನ ಹಳೆ ಫೋನಿನ ದೋಷ ಇರಬಹುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಅಜ್ಜ ಬಿಡಲಿಲ್ಲ. "ನನ್ನ ಫೋನ್ ಇನ್ನೂ ಹಾಗೇ ಇದೆಯಪ್ಪ. ನೋಡು, ಮೂರು ದಿನವೂ ಬೆಳಿಗ್ಗೆ ಎದ್ದ ಕೂಡಲೇ ಇಲ್ಲ" ಎಂದು ನೋಟ್‌ಬುಕ್ ಮುಂದೆ ಹಿಡಿದರು.

ಮೂರು ದಿನವೂ ಬೆಳಿಗ್ಗೆ. ರಾತ್ರಿ 3ಕ್ಕೆ ಟೈಮರ್. ಅಲ್ಲಿವರೆಗೆ ನಾನು ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲೇ ಇಲ್ಲ. ಹಳೆಯ 17 ಸಾಲುಗಳನ್ನು ಮತ್ತೆ ಓದಿದೆ. ಫೋನಿನ ದೂರುಗಳು ಬಹುಪಾಲು ಬೆಳಿಗ್ಗೆ, ಇಲ್ಲವೇ ಡೆಸ್ಕ್‌ಟಾಪಿನ ಸಾಲು ಬಂದ ಸ್ವಲ್ಪ ಹೊತ್ತಿಗೆ. ಅಂದರೆ ರೂಟರ್ ಯಾವ ಕಾರಣಕ್ಕೆ ಮಲಗಿ ಎದ್ದರೂ, ಅದಾದ ಮೇಲೆ ಕೆಲವು ಫೋನ್‌ಗಳು ದಾರಿ ತಪ್ಪುತ್ತಿದ್ದವು. ಇಲ್ಲಿ ಆಫ್ ಆನ್ ಮಾಡುವುದು ಔಷಧಿಯೂ ಹೌದು, ಕಾಯಿಲೆಯೂ ಹೌದು. ಮಗುವನ್ನು ಚಿವುಟುವುದೂ ಅದೇ, ತೊಟ್ಟಿಲು ತೂಗುವುದೂ ಅದೇ.

ಎರಡನೇ ಕಾಯಿಲೆ: ಕಪಾಟಿನ ಹಿಂದೆ

ಮಗಳಿಗೆ ಒಂದು ಕೆಲಸ ಹೇಳಿ ಬಂದೆ. ನಾಳೆ ಬೆಳಿಗ್ಗೆ ಅಜ್ಜನ ಫೋನ್ ಹಾಗಾದರೆ ವೈಫೈ ಆಫ್ ಮಾಡಬೇಡ, ಏನೂ ಮಾಡಬೇಡ, ವೈಫೈ ಹೆಸರಿನ ಮೇಲೆ ಒತ್ತಿ ಒಳಗಿನ ವಿವರದ ಪುಟದ ಫೋಟೋ ತೆಗೆದು ಕಳಿಸು.

ಬೆಳಿಗ್ಗೆ 6:20ಕ್ಕೆ ಫೋಟೋ ಬಂತು. ಐಪಿ ಅಡ್ರೆಸ್ 192.168.0.104. ಗೇಟ್‌ವೇ, ಅಂದರೆ ಇಂಟರ್ನೆಟ್‌ಗೆ ಹೋಗಲು ಫೋನ್ ಹಿಡಿಯುವ ಬಾಗಿಲು, 192.168.0.1.

ಮನೆಯ ರೂಟರ್ 192.168.1.1 ಅಲ್ವಾ? ಅದು ಕೊಡುವ ಅಡ್ರೆಸ್‌ಗಳೆಲ್ಲ 192.168.1ರಿಂದ ಶುರುವಾಗಬೇಕು. ಈ 0.1 ಯಾರು? ಫೋನಿನ ಬ್ರೌಸರಿನಲ್ಲಿ 192.168.0.1 ಎಂದು ಟೈಪ್ ಮಾಡಿ ನೋಡು ಅಂದೆ. ಬೇರೊಂದು ರೂಟರ್‌ನ ಲಾಗಿನ್ ಪುಟ ತೆರೆದುಕೊಂಡಿತು.

"ಮೇಲೆ ಇನ್ನೊಂದು ರೂಟರ್ ಇದೆಯಾ?"

"ಇದೆ ಅಂಕಲ್, ಬುಕ್ಸ್ ಹಿಂದೆ." ಸ್ವಲ್ಪ ತಡೆದು ಹೇಳಿದಳು, "ಅದು ಒಂದ್ಸಲ ಹ್ಯಾಂಗ್ ಆಗಿತ್ತು, ಪಿನ್ ಹಾಕಿ ಒತ್ತಿದ್ದೆ. ಆಮೇಲೆ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟೆ. ಸರಿಯಾಗಿತ್ತಲ್ಲ?"

ಯಾವಾಗ ಎಂದು ಕೇಳಿದರೆ ಪರೀಕ್ಷೆಯ ಸಮಯದಲ್ಲಿ. ಅಂದರೆ ಮೂರು ತಿಂಗಳ ಹಿಂದೆ. ಕಂಪನಿಗೆ ಮೊದಲ ದೂರು ಕೊಟ್ಟದ್ದು ಅದೇ ವಾರ.

ಆದದ್ದು ಹೀಗೆ. ಮನೆಯ ನೆಟ್‌ವರ್ಕಿಗೆ ಬರುವ ಪ್ರತಿ ಫೋನಿಗೂ ಅಡ್ರೆಸ್ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಒಂದು ಮನೆಗೆ ಹಂಚುವವರು ಒಬ್ಬರೇ ಇರಬೇಕು. ತಂತ್ರಜ್ಞರು ಮೇಲಿನ ರೂಟರ್‌ನಲ್ಲಿ ಅದನ್ನು ಸರಿಯಾಗಿಯೇ ಆಫ್ ಮಾಡಿ ಹೋಗಿದ್ದರು. ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿದಾಗ ಎಲ್ಲ ಸೆಟ್ಟಿಂಗ್ ಅಳಿಸಿ ಫ್ಯಾಕ್ಟರಿಯಿಂದ ಬಂದ ಸ್ಥಿತಿಗೆ ಹೋಯಿತು, ಡಿಎಚ್‌ಸಿಪಿ ಮತ್ತೆ ಆನ್ ಆಯಿತು. ಆವತ್ತಿನಿಂದ ಮನೆಯಲ್ಲಿ ಹಂಚುವವರು ಇಬ್ಬರು. ಫೋನ್ ಬಂದು ನನಗೊಂದು ಅಡ್ರೆಸ್ ಕೊಡಿ ಎಂದು ಕೂಗಿದಾಗ ಯಾರು ಮೊದಲು ಓಗೊಡುತ್ತಾರೋ ಸಾಮಾನ್ಯವಾಗಿ ಅವರದ್ದೇ ಗೆಲುವು. ಕೆಳಗಿನದು ಗೆದ್ದರೆ ಎಲ್ಲ ಸರಿ. ಮೇಲಿನದು ಗೆದ್ದರೆ ಅದು ಇಂಟರ್ನೆಟ್‌ಗೆ ದಾರಿ ನಾನೇ ಎಂದು ಹೇಳಿ ಕಳಿಸುತ್ತದೆ, ಆದರೆ ಕೆಳಗಿನಿಂದ ಬಂದ ಕೇಬಲ್ ಇರುವುದು ಮನೆಯೊಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟಿನಲ್ಲಿ, ಅದರ ಇಂಟರ್ನೆಟ್ ಪೋರ್ಟಿಗೆ ವೈರೇ ಇಲ್ಲ. ವೈಫೈ ಪೂರ್ತಿ, ನೆಟ್ ಸೊನ್ನೆ. ಒಮ್ಮೆ ಕೊಟ್ಟ ಅಡ್ರೆಸ್‌ನ ಅವಧಿ ಅರ್ಧ ಮುಗಿದಾಗ ಫೋನ್ ಅದನ್ನು ಮುಂದುವರಿಸಲು ಕೇಳುವುದೂ ಕೊಟ್ಟವರನ್ನೇ, ಹಾಗಾಗಿ ತಾನಾಗಿ ಸರಿಹೋಗುವುದಿಲ್ಲ. ಅಜ್ಜ ಗಂಟೆಗಟ್ಟಲೆ ಎಂದದ್ದು ಇದಕ್ಕೇ.

ಇನ್ನು ಕೆಳಗಿನ ರೂಟರ್ ಬಿದ್ದಾಗ ಏನಾಗುತ್ತದೆ ಯೋಚಿಸಿ. ಅದರ ವೈಫೈ ಹೋಯಿತು, ಫೋನ್‌ಗಳು ಅದೇ ಹೆಸರಿನ ಮೇಲಿನ ವೈಫೈಗೆ ಹಾರುತ್ತವೆ, ಆ ಎರಡು ನಿಮಿಷ ಅಡ್ರೆಸ್ ಹಂಚಲು ಮೇಲಿನದು ಒಂದೇ ಇರುತ್ತದೆ. ಓಟದಲ್ಲಿ ಎದುರಾಳಿಯೇ ಇಲ್ಲ! ಹೊಸ ರೂಟರ್ ಬಂದ ಮೇಲೆ ಪರಿಸ್ಥಿತಿ ಹದಗೆಟ್ಟಿದ್ದು ಹೀಗೆ. ಹಳೆ ಅಡಾಪ್ಟರ್ ಅದನ್ನು ದಿನಾ ಬೀಳಿಸುತ್ತಿತ್ತು, ಬಿದ್ದಾಗೆಲ್ಲ ಫೋನ್‌ಗಳು ಮೇಲಿನ ಬಲೆಗೆ ಹೋಗುತ್ತಿದ್ದವು, ಸಾಲದ್ದಕ್ಕೆ ಟೈಮರ್ ರಾತ್ರಿ 3ಕ್ಕೆ ಇನ್ನೊಂದು ಸಲ. ಡೆಸ್ಕ್‌ಟಾಪಿಗೆ ಅಡ್ರೆಸ್ ಕೈಯಾರೆ ಹಾಕಿದ್ದರಿಂದ ಅದು ಯಾರನ್ನೂ ಕೇಳುವುದೇ ಇಲ್ಲ, ಅದಕ್ಕೇ ಗೆಳೆಯನಿಗೆ ಎರಡು ನಿಮಿಷದ ತೊಂದರೆ ಮಾತ್ರ ಕಂಡದ್ದು.

ಸರಿಮಾಡುವ ಮೊದಲು ಒಂದು ಪರೀಕ್ಷೆ ಮಾಡಿದೆ. ಊಹೆ ಎಷ್ಟು ಚೆನ್ನಾಗಿ ಹೊಂದಿದರೂ ಈ ಸಲ ಚಾನೆಲ್‌ನ ಹಾಗೆ ಮೋಸ ಹೋಗಬಾರದು ಎಂದು. ಸಂಜೆ ಹೋಗಿ ಎಲ್ಲರ ಎದುರೇ ಕೆಳಗಿನ ರೂಟರ್‌ನ ಪ್ಲಗ್ ಕಿತ್ತೆ. ಅಜ್ಜನ ಫೋನ್ ಅರ್ಧ ನಿಮಿಷದಲ್ಲಿ ಮೇಲಿನ ವೈಫೈಗೆ ಹೋಯಿತು, 192.168.0.104 ತೆಗೆದುಕೊಂಡಿತು. ಪ್ಲಗ್ ಹಾಕಿದ ಮೇಲೂ ಅಲ್ಲೇ ಕೂತಿತು. ಬೇಕೆಂದಾಗ ತೊಂದರೆಯನ್ನು ಬರಿಸಲು ಆದರೆ ಅರ್ಧ ಕೆಲಸ ಮುಗಿದ ಹಾಗೆ.

ಸರಿಮಾಡಿದ್ದು ಹತ್ತು ನಿಮಿಷದಲ್ಲಿ. ಕ್ರಮ ಮಾತ್ರ ಮುಖ್ಯ. ಮೇಲಿನ ರೂಟರ್‌ಗೆ ಲ್ಯಾಪ್‌ಟಾಪ್ ಸೇರಿಸಿ, ಮೊದಲು ಅದರ ಸ್ವಂತ ಅಡ್ರೆಸ್ಸನ್ನು 192.168.1.2 ಮಾಡಿದೆ, ಕೆಳಗಿನದು ಹಂಚುವ 100ರಿಂದ 200ರ ಆಚೆ ಇರುವ ಹಾಗೆ. ಹೊಸ ಅಡ್ರೆಸ್‌ನಲ್ಲಿ ಪುಟವನ್ನು ಮತ್ತೆ ತೆರೆದು, ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿದೆ. ಮೊದಲೇ ಆಫ್ ಮಾಡಿದರೆ ಆ ಪುಟಕ್ಕೆ ವಾಪಸ್ ಹೋಗಲು ಲ್ಯಾಪ್‌ಟಾಪಿಗೆ ಕೈಯಾರೆ ಅಡ್ರೆಸ್ ಹಾಕುವ ತಲೆನೋವು. ಕೇಬಲ್ ಲ್ಯಾನ್ ಪೋರ್ಟಿನಲ್ಲೇ ಇದೆಯೇ ಎಂದು ನೋಡಿದೆ, ಇತ್ತು. ಕೆಲವು ರೂಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂದೇ ಒಂದು ಆಯ್ಕೆ ಇರುತ್ತದೆ, ಇದ್ದರೆ ಇದೆಲ್ಲ ಅದೇ ಮಾಡಿಕೊಳ್ಳುತ್ತದೆ. ಇದರಲ್ಲಿ ಇರಲಿಲ್ಲ. ಮೇಲಿನದರ ಚಾನೆಲ್ 1, ಕೆಳಗಿನದು 11, ಒಂದಕ್ಕೊಂದು ಅಡ್ಡ ಬರದ ಹಾಗೆ. ಟೈಮರ್ ಕಿತ್ತೆವು. ಎಲ್ಲ ಫೋನ್‌ಗಳಲ್ಲೂ ಒಮ್ಮೆ ವೈಫೈ ಆಫ್ ಆನ್, ಟಿವಿ ಮತ್ತು ಗೇಟಿನ ಹತ್ತಿರದ ಕ್ಯಾಮೆರಾವನ್ನು ಪ್ಲಗ್ ಕಿತ್ತು ಹಾಕಿದೆವು, ಹಳೆ ಅಡ್ರೆಸ್ ಬಿಡಲಿ ಎಂದು.

ಮತ್ತೆ ಅದೇ ಪರೀಕ್ಷೆ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟೆವು. ಈ ಸಲ ಲ್ಯಾಪ್‌ಟಾಪಿಗೆ ಸಿಕ್ಕಿದ್ದು 169.254ರಿಂದ ಶುರುವಾಗುವ ಅಡ್ರೆಸ್, ಅಂದರೆ ಯಾರೂ ಕೊಡದಿದ್ದಾಗ ತಾನೇ ಹಾಕಿಕೊಳ್ಳುವಂಥದ್ದು. ಪ್ಲಗ್ ಹಾಕಿದ ಮೇಲೆ ಎಲ್ಲವೂ 192.168.1ಕ್ಕೆ ವಾಪಸ್ ಬಂದವು.

ಹಿಂದಿರುಗಿ ನೋಡಿದರೆ

ಈ ಪ್ರಕರಣದಲ್ಲಿ ದುಬಾರಿಯಾದದ್ದು ಎರಡು ತೀರ್ಮಾನ. ಒಂದು, ರೂಟರ್ ಬದಲಿಸಿದರೂ ತೊಂದರೆ ಹೋಗಲಿಲ್ಲ, ಆದ್ದರಿಂದ ತೊಂದರೆ ರೂಟರಿನದ್ದಲ್ಲ ಎಂಬುದು. ತರ್ಕ ಸರಿ, ಆದರೆ ಬದಲಿಸಿದ್ದು ಪೂರ್ತಿ ಅಲ್ಲ. ಪೆಟ್ಟಿಗೆ ಹೊಸದು, ಅಡಾಪ್ಟರ್ ಹಳೆಯದು. ಹಳೆ ರೂಟರ್‌ಗೆ ಆ 1 ಆಂಪ್ ಸಾಕಾಗುತ್ತಿತ್ತು, ಹೊಸದಕ್ಕೆ ಸಾಲಲಿಲ್ಲ. ಹೀಗೆ ಔಷಧಿಯೇ ಇನ್ನೊಂದು ಕಾಯಿಲೆ ತಂದಿತು, ಲಕ್ಷಣ ಒಂದೇ ಥರ ಇದ್ದುದರಿಂದ ಹಳೆಯದೇ ಮುಂದುವರಿದಿದೆ ಎಂದುಕೊಂಡರು. ಹಳೆ ರೂಟರ್ ಪಾಪ ಏನೂ ಮಾಡಿರಲಿಲ್ಲ. ಈಗ ಅದು ನನ್ನ ಮನೆಯಲ್ಲಿದೆ, ಅದೇ 1 ಆಂಪ್ ಅಡಾಪ್ಟರ್‌ನಲ್ಲಿ ಚೆನ್ನಾಗಿ ಓಡುತ್ತಿದೆ.

ಇನ್ನೊಂದು, ಆಫ್ ಆನ್ ಮಾಡುವ ಅಭ್ಯಾಸ. ಅದು ತಪ್ಪು ಎಂದು ಹೇಳುತ್ತಿಲ್ಲ, ನಾನೂ ಮಾಡುತ್ತೇನೆ. ಆದರೆ ಹಾಗೆ ಮಾಡಿದಾಗ ಲಾಗ್ ಅಳಿಯುತ್ತದೆ, ಫೋನಿನಲ್ಲಿದ್ದ ತಪ್ಪು ಅಡ್ರೆಸ್ ಅಳಿಯುತ್ತದೆ. ಕಳ್ಳ ಬಂದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಒರೆಸಿದ ಹಾಗೆ. ಮೂರು ತಿಂಗಳಲ್ಲಿ ಯಾರಾದರೂ ಒಮ್ಮೆ ಆಫ್ ಮಾಡುವ ಮೊದಲು ಫೋನಿನ ಐಪಿ ಅಡ್ರೆಸ್ ನೋಡಿದ್ದರೆ ಅವತ್ತೇ ಮುಗಿಯುತ್ತಿತ್ತು. ನೋಡಬೇಕು ಎಂದು ಅವರಿಗೆ ಹೇಗೆ ಗೊತ್ತಿರಬೇಕು ಹೇಳಿ. ನನಗೆ ಗೊತ್ತಿತ್ತು, ನಾನೇ ಮೊದಲ ದಿನ ನೋಡಲಿಲ್ಲ.

ಮಗಳನ್ನು ಯಾರೂ ಬೈಯಲಿಲ್ಲ, ಅದು ಒಳ್ಳೆಯದಾಯಿತು. ಪಿನ್ ಒತ್ತಿದ್ದು ಅವಳು, ಆದರೆ ಅದು ಯಾಕೆ ಅಲ್ಲಿದೆ, ಅದರ ಸೆಟ್ಟಿಂಗ್ ಏನು ಎಂದು ಎರಡು ವರ್ಷದಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಈಗ ಅದರ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: ಡಿಎಚ್‌ಸಿಪಿ ಆಫ್, 192.168.1.2, ರೀಸೆಟ್ ಮಾಡಿದರೆ ಇವೆರಡನ್ನೂ ಮತ್ತೆ ಹಾಕಿ.

ಎಲ್ಲವೂ ಸರಿಹೋಗಿದೆ ಎಂದೇನಲ್ಲ. ಗೇಟಿನ ಹತ್ತಿರದ ಕ್ಯಾಮೆರಾ ಈಗಲೂ ಆಗಾಗ ಕಟ್ ಆಗುತ್ತದೆ. ಅಲ್ಲಿ ಸಿಗ್ನಲ್ ಮೈನಸ್ 78 ಡಿಬಿಎಂ, ಅಂದರೆ ಬಹಳ ದುರ್ಬಲ, ನಡುವೆ ಎರಡು ಗೋಡೆ. ಅದು ದೂರದ ತೊಂದರೆ, ಈ ಎರಡಕ್ಕೂ ಸಂಬಂಧವಿಲ್ಲ. ಕ್ಯಾಮೆರಾಕ್ಕೆ ಒಂದು ವೈರ್ ಎಳೆಯಬೇಕು, ಗೆಳೆಯ ಈ ಭಾನುವಾರ ಮುಂದಿನ ಭಾನುವಾರ ಎನ್ನುತ್ತಿದ್ದಾನೆ.

ಕಳೆದ ಸಲ ಹೋದಾಗ ಸ್ಟೇಟಸ್ ಪುಟ ನೋಡಿದೆ. 41 ದಿನ 6 ಗಂಟೆ. ಅಜ್ಜನ ನೋಟ್‌ಬುಕ್ ಟಿವಿ ಪಕ್ಕದಲ್ಲೇ ಇದೆ, ಕ್ಯಾಮೆರಾದ ಸಾಲುಗಳನ್ನು ಈಗಲೂ ತಪ್ಪದೆ ಬರೆಯುತ್ತಿದ್ದಾರೆ.